ಅಕ್ರೋಟಿನ ಬೆಣ್ಣೆಯೂ ಒಂದು ಸಿಂಬಿ ಹಗ್ಗವೂ

ಮಿಯಾಕೊ
12 ಅಕ್ಟೋಬರ್ 1994

ಯೊನೆ ಅಕ್ಕನವರಿಗೆ,

ತೊಕುಜಿಯ ನಮಸ್ಕಾರಗಳು. ಲಕೋಟೆಯ ಹಿಂದೆ ನನ್ನ ಹೆಸರು ಕಂಡ ಕೂಡಲೇ ಇದನ್ನು ಒಲೆಗೆ ಹಾಕಿಲ್ಲವಾದರೆ ಮುಂದೆ ಓದಿ. ಫೋನ್ ಮಾಡಬಹುದಿತ್ತು. ನನ್ನ ದನಿ ಕೇಳಿ ನೀವು ಇಟ್ಟುಬಿಟ್ಟಿದ್ದರೆ ಎರಡನೇ ಸಲ ಮಾಡುವ ಧೈರ್ಯ ನನಗಿರುತ್ತಿರಲಿಲ್ಲ. ಕಾಗದವಾದರೆ ನೀವು ಎಸೆದರೂ ನನಗೆ ಗೊತ್ತಾಗುವುದಿಲ್ಲ, ಅಷ್ಟು ವಾಸಿ.

ತೋನೊ ಕಡೆ ಚಳಿ ಶುರುವಾಗಿರಬೇಕು. ಇಲ್ಲಿ ಸಾಲ್ಮನ್ ಮೀನಿನ ದೋಣಿಗಳು ಬರತೊಡಗಿವೆ. ಐಸ್ ಕಾರ್ಖಾನೆಯಿಂದ ನಾನು ನಿವೃತ್ತನಾಗಿ ಆರು ವರ್ಷವಾದರೂ ಬೆಳಿಗ್ಗೆ ಅದರ ಯಂತ್ರದ ಸದ್ದಿಗೇ ಎಚ್ಚರವಾಗುತ್ತದೆ.

ಕಳೆದ ತಿಂಗಳು ನಿಮ್ಮ ತಂಗಿ ಮಿತ್ಸುವಿನ ವರ್ಷದ ಕಾರ್ಯ ಮುಗಿಯಿತು. ನೀವು ಕಳಿಸಿದ ಊದುಬತ್ತಿ ತಲುಪಿತು, ಹಚ್ಚಿದೆ. ಸೂತಕದ ವರ್ಷವೆಂದು ಕಳೆದ ಹೊಸವರ್ಷಕ್ಕೆ ಬಾಗಿಲಿಗೆ ಪೈನ್ ಕೊಂಬೆ ಕಟ್ಟಲಿಲ್ಲ, ಕಡುಬೂ ಮಾಡಲಿಲ್ಲ. ಈ ಸಲ ಮಾಡಬಹುದು. ಮಾಡಬೇಕೆಂದು ಆಸೆಯೂ ಇದೆ. ನಿಮಗೆ ಹೇಳಬೇಕಾಗಿಲ್ಲ, ಈ ಊರಲ್ಲಿ ಹೊಸವರ್ಷದ ಕಡುಬು ಸಾರಿನಲ್ಲಿ ಬಿದ್ದಿದ್ದರೆ ಸಾಲದು. ಅದನ್ನೆತ್ತಿ ಅಕ್ರೋಟಿನ ಬೆಣ್ಣೆಯಲ್ಲಿ ಅದ್ದಿದರೇ ಹಬ್ಬ. ಮಿತ್ಸು ಹಸಿ ಅಕ್ರೋಟು ಅರೆದು ಮಾಡುತ್ತಿದ್ದ ಆ ಬೆಣ್ಣೆಯನ್ನು ನಾನು ನಲವತ್ತು ವರ್ಷ ತಿಂದೆ. ಹೇಗೆ ಮಾಡುತ್ತೀಯ ಎಂದು ಒಂದು ದಿನವೂ ಕೇಳಲಿಲ್ಲ.

ಮೊನ್ನೆ ಹೊಳೆದಂಡೆಯಲ್ಲಿ ಕಾಡು ಅಕ್ರೋಟು ಆಯ್ದು ತಂದು, ಸುತ್ತಿಗೆಯಲ್ಲಿ ಒಡೆದು, ಅರೆದು ನೋಡಿದೆ. ಕಹಿ. ಬರೀ ಕಹಿಯಲ್ಲ, ಹಲ್ಲಿಗೆ ಚಿಪ್ಪಿನ ಚೂರು ಸಿಕ್ಕಿ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಇವಾಬುಚಿಯಮ್ಮನಿಗೆ ಒಂದು ಚಮಚ ಕೊಟ್ಟೆ. "ಚೆನ್ನಾಗಿದೆ, ಗೋಡೆ ಬಿರುಕಿಗೆ ಮೆತ್ತೋಕೆ" ಅಂದರು.

ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಗಿದೆ. ಮಿತ್ಸುವಿನ ಮುಖಕ್ಕೆ ಫೋಟೊ ಇದೆ. ಆ ರುಚಿ ನನ್ನ ನಾಲಿಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ, ನಾಲಿಗೆಯೋ ಒಂದು ವರ್ಷಕ್ಕೇ ಮರೆಯತೊಡಗಿದೆ. ಸಿಹಿಯಿತ್ತು ಎಂಬುದು ನೆನಪಿದೆ, ಎಂಥ ಸಿಹಿ ಎಂದರೆ ತಡವರಿಸುತ್ತೇನೆ. ಇನ್ನೊಂದು ಹೊಸವರ್ಷ ಹೀಗೇ ಹೋದರೆ ಪೂರ್ತಿ ಹೋಗಿಬಿಡುತ್ತದೆ. ಆ ಬೆಣ್ಣೆ ನಿಮ್ಮ ತಾಯಿಯ ಮನೆಯದು. ಬಲ್ಲವರು ಬದುಕಿರುವುದು ನೀವೊಬ್ಬರೇ.

ನಿಮ್ಮಮ್ಮನ ಕಾಲದಿಂದ ಹಿತ್ತಲಲ್ಲಿದ್ದ ಅಕ್ರೋಟಿನ ಮರವನ್ನು ನೀವು ಕಡಿಸಿದ್ದಕ್ಕೆ ನೀವೂ ಮಿತ್ಸುವೂ ಒಂಬತ್ತು ವರ್ಷ ಮಾತು ಬಿಟ್ಟಿದ್ದು ನನಗೆ ಗೊತ್ತು. ಮಣ್ಣಿಗೆ ಬಂದವರು ಕೊನೆಯ ಸಾಲಿನಲ್ಲಿ ಕೂತು ಊಟಕ್ಕೆ ಮುಂಚೆ ಎದ್ದು ಹೋದಿರಿ, ಅದನ್ನೂ ನೋಡಿದೆ. ಆ ಜಗಳದಲ್ಲಿ ನಾನಿರಲಿಲ್ಲ. ನನಗೆ ಬೇಕಿರುವುದು ಬೆಣ್ಣೆಯ ವಿಷಯ ಮಾತ್ರ.

ಸವಗುಚಿ ತೊಕುಜಿ


ತೋನೊ
24 ಅಕ್ಟೋಬರ್ (ಅಂಚೆ ಕಾರ್ಡು)

ತೊಕುಜಿ ಅವರಿಗೆ,

ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ, ನಮ್ಮ ಮನೆಯಲ್ಲಿ ಈಗ ಗ್ಯಾಸ್.

ಆಯ್ದ ಕಾಯನ್ನು ಆಯ್ದ ದಿನವೇ ಒಡೆಯುವವರನ್ನು ಇದೇ ಮೊದಲು ಕೇಳಿದ್ದು. ಹಸಿರು ಸಿಪ್ಪೆ ಮಣ್ಣಿನಲ್ಲಿ ಕೊಳೆಯಬೇಕು. ತೊಳೆದು, ಗಾಳಿಗೆ ತೂಗುಹಾಕಿ ಒಣಗಿಸಬೇಕು. ಸುತ್ತಿಗೆ ಮುಟ್ಟಬೇಡಿ. ಒಣಗಿದ ಕಾಯಿ ನೀರಲ್ಲಿ ನೆನೆಸಿ, ಬಾಣಲೆಯಲ್ಲಿ ಚಿಪ್ಪು ಬಾಯಿ ಬಿಡುವವರೆಗೆ ಆಡಿಸಿ, ಸಂದಿಗೆ ಚಾಕು ತೂರಿಸಿ. ತಿರುಳು ಹಸಿಯಾಗಿಯೇ ಉಳಿಯಬೇಕು. ಇಷ್ಟೇ ವಿಷಯ. ಇದಕ್ಕೆ ಮತ್ತೆ ಬರೆಯುವ ಅಗತ್ಯವಿಲ್ಲ.

ಅರೆಯುವ ಬಟ್ಟಲು ಯಾವುದು? ನಮ್ಮಮ್ಮನದೋ, ಅಂಗಡಿಯದೋ?

ಯೊನೆ


ಮಿಯಾಕೊ
15 ನವೆಂಬರ್

ಯೊನೆ ಅಕ್ಕ,

ಬರೆಯುವ ಅಗತ್ಯವಿಲ್ಲ ಅಂದಿರಿ. ಆದರೆ ಪ್ರಶ್ನೆ ಕೇಳಿದ್ದೀರಿ. ಪ್ರಶ್ನೆಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಟ್ಟಲು ನಿಮ್ಮಮ್ಮನದೇ. ಹೊರಗೆ ಕಂದು ಬಣ್ಣ, ಒಳಗೆ ಬಾಚಣಿಗೆಯಲ್ಲಿ ಗೀರಿದಂಥ ಗೆರೆಗಳು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಹೋಗಿದೆ. ಅರೆಯುವ ಕೋಲು ಸನ್ಶೋ ಮರದ್ದು, ಸವೆದೂ ಸವೆದೂ ಗೇಣುದ್ದಕ್ಕೆ ಬಂದಿದೆ. ಅಷ್ಟೂ ಮರ ಎಲ್ಲಿ ಹೋಯಿತು ಎಂದು ಯೋಚಿಸಿದೆ. ನನ್ನ ಹೊಟ್ಟೆಗೇ ಹೋಗಿರಬೇಕು.

ಈಗ ವರದಿ. ಕಾಯಿ ಹೂತೆ, ತೆಗೆದೆ, ತೊಳೆದೆ. ಸಿಪ್ಪೆಯ ರಸ ಕೈಗೆ ಹತ್ತಿ ಎರಡೂ ಅಂಗೈ ಕಪ್ಪಾದವು. ಸೋಪಿಗೂ ಹೋಗಲಿಲ್ಲ, ಸೀಮೆಎಣ್ಣೆಗೂ ಹೋಗಲಿಲ್ಲ. ರಕ್ತದೊತ್ತಡ ನೋಡುವ ನರ್ಸಮ್ಮ, "ತಾತ, ಮತ್ತೆ ಯಂತ್ರ ರಿಪೇರಿ ಶುರು ಮಾಡಿದ್ರಾ?" ಅಂದಳು. ಹೌದು, ಅಂದೆ.

ಇವಾಬುಚಿಯಮ್ಮನ ಮನೆಯಲ್ಲಿ ಹಿಂದಿನ ವರ್ಷದ ಒಣಕಾಯಿ ಒಂದು ಬುಟ್ಟಿ ಇತ್ತು, ಕೊಟ್ಟರು. ನೆನೆಸಿ ಬಾಣಲೆಗೆ ಹಾಕಿದೆ. ಟಕ್ ಎಂದು ಬಾಯಿ ಬಿಟ್ಟಿತು! ಅರವತ್ತಾರು ವರ್ಷದಲ್ಲಿ ಇಷ್ಟು ಚಂದದ ಸದ್ದು ಕೇಳಿರಲಿಲ್ಲ. ಬಾಣಲೆಯ ಮುಂದೆ ಕೂತು ಒಂದೊಂದು ಕಾಯಿಗೂ "ಹ್ಞಾ, ಈಗ ನಿನ್ನ ಸರದಿ" ಎನ್ನುತ್ತಿದ್ದೆ. ಒಳಗಿನ ತಿರುಳನ್ನು ಸೂಜಿಯಲ್ಲಿ ಕೆದಕಿ ತೆಗೆಯಬೇಕು ಎಂದು ನೀವು ಹೇಳಲೇ ಇಲ್ಲವಲ್ಲ! ಅದನ್ನು ಮಿತ್ಸುವಿನ ಹೊಲಿಗೆ ಡಬ್ಬಿ ಹೇಳಿತು. ಅದರಲ್ಲಿ ಬಗ್ಗಿದ ಒಂದು ದಪ್ಪ ಸೂಜಿಯಿತ್ತು. ಇಷ್ಟು ವರ್ಷ ಅದೇಕೆ ಎಸೆಯದೆ ಇಟ್ಟಿದ್ದಾಳೆ ಎಂದುಕೊಂಡಿದ್ದೆ.

ಇಷ್ಟಾದ ಮೇಲೆ ಒಂದು ತಪ್ಪು ಮಾಡಿದೆ. ಮಿಕ್ಸಿಗೆ ಹಾಕಿದೆ. ಬೈಯಬೇಡಿ. ಮಿಕ್ಸಿ ಬಿಸಿಯಾಯಿತು, ಎಣ್ಣೆ ಬೇರೆ, ಹಿಂಡಿ ಬೇರೆ ಆಯಿತು, ಬಣ್ಣ ಸಿಮೆಂಟಿನದು. ಆಮೇಲೆ ಬುದ್ಧಿ ಬಂದು ಬಟ್ಟಲಲ್ಲಿ ಅರೆದೆ. ಕಹಿ ಹೋಗಿದೆ. ಆದರೆ ಮರಳು ಮರಳಾಗಿದೆ. ಬಿಸಿನೀರು ಬಿಟ್ಟರೆ ಒಡೆದ ಹಾಲಿನಂತೆ ಚೂರಾಗುತ್ತದೆ. ಮಿತ್ಸುವಿನದು ಬೆಳ್ಳಗೆ ಏಳುತ್ತಿತ್ತು. ಅವಳ ಫೋಟೊದ ಮುಂದೆ ಒಂದು ತಟ್ಟೆ ಇಟ್ಟೆ. ಇರುವೆಯೂ ಮೂಸಿ ಹೋಯಿತು.

ಎಷ್ಟು ಹೊತ್ತು ಅರೆಯಬೇಕು? ಸಕ್ಕರೆ ಯಾವಾಗ? ಎಡಕ್ಕೋ ಬಲಕ್ಕೋ?

ತೊಕುಜಿ


ತೋನೊ
23 ನವೆಂಬರ್

ತೊಕುಜಿ ಅವರಿಗೆ,

ಮಿಕ್ಸಿ! ಓದಿ ಒಬ್ಬಳೇ ಕೂತು ನಕ್ಕೆ. ನನ್ನ ಸೊಸೆ ಬಂದು, "ಅತ್ತೆ, ಏನಾಯ್ತು?" ಅಂತ ಹೆದರಿಕೊಂಡು ಕೇಳಿದಳು. ಈ ಮನೆಯಲ್ಲಿ ನಾನು ನಕ್ಕರೆ ಡಾಕ್ಟರಿಗೆ ಫೋನ್ ಮಾಡುತ್ತಾರೆ.

ಆ ಚಕ್ಕೆ ಹಾರಿಸಿದ್ದು ಮಿತ್ಸು. ಏಳು ವರ್ಷದವಳಿದ್ದಾಗ ಕೋಲನ್ನು ಅಂಚಿಗೆ ಬಡಿದಳು. ಅಮ್ಮ, "ಯಾರೇ ಅದು?" ಅಂದರೆ ನನ್ನ ಕಡೆ ಬೊಟ್ಟು ಮಾಡಿದಳು. ನಾನು ಬೈಸಿಕೊಂಡೆ. ರಾತ್ರಿ ಹಾಸಿಗೆಯಲ್ಲಿ, "ಅಕ್ಕಾ, ನನ್ನ ಪಾಲಿನ ಕಡುಬೂ ನೀನೇ ತಿನ್ನು" ಅಂತ ಅತ್ತಳು. ತಿಂದೆ. ಬಿಡುವವಳೇ ನಾನು?

ಕೇಳಿದ್ದಕ್ಕೆ ಉತ್ತರ. ಸಕ್ಕರೆ ಅರೆದಾದ ಮೇಲೆ, ಒಂದು ಚಿಟಿಕೆ ಉಪ್ಪಿನ ಜತೆ. ಬಿಸಿನೀರು ಕೊನೆಗೆ, ಹನಿ ಹನಿಯಾಗಿ. ಎಡಬಲ ನಿಮ್ಮ ಕೈಗೆ ಬಂದಂತೆ. ಎಷ್ಟು ಹೊತ್ತು ಎಂದರೆ, ಆಗುವವರೆಗೆ. ಆಗಿದ್ದು ತಾನೇ ಗೊತ್ತಾಗುತ್ತದೆ.

ಮರದ ಮಾತು ನೀವೇ ಎತ್ತಿದ್ದರಿಂದ ಹೇಳುತ್ತೇನೆ. ಕಡಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಬೇರು ಬಚ್ಚಲುಮನೆಯ ಕೆಳಗೆ ಹೋಗಿ ಗೋಡೆ ಸೀಳಿತ್ತು. "ನನಗೊಂದು ಮಾತು ಹೇಳ್ಬಾರದಿತ್ತಾ?" ಎಂದು ಅವಳು ಫೋನಿನಲ್ಲಿ ಕೂಗಿದಳು. ಹೇಳಿದ್ದರೆ ಬೇಡ ಅನ್ನುತ್ತಿದ್ದಳು. ಅವಳು ಬೇಡ ಅಂದ ಮೇಲೆ ಕಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಗೋಡೆ ಬಿದ್ದರೂ ಆಗುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಇದನ್ನು ಅವಳಿಗೆ ಹೇಳಬೇಕಿತ್ತು, ನಿಮಗೆ ಹೇಳುತ್ತಿದ್ದೇನೆ.

ಒಂದು ಸಂಶಯ. ನೀವು ಅರೆಯುವಾಗ ಬಟ್ಟಲು ಯಾರು ಹಿಡಿಯುತ್ತಾರೆ?

ಯೊನೆ


ಮಿಯಾಕೊ
4 ಡಿಸೆಂಬರ್

ಯೊನೆ ಅಕ್ಕ,

ಬಟ್ಟಲು ಹಿಡಿಯುವವರು ಯಾರೂ ಇಲ್ಲ. ಹಗ್ಗ ಹಿಡಿಯುತ್ತದೆ. ಮದುವೆಯಾದ ಮೊದಲ ವರ್ಷ ಮಿತ್ಸು ಅಡಿಗೆಮನೆಯಲ್ಲಿ ಒಬ್ಬಳೇ ಬಟ್ಟಲನ್ನು ಮಂಡಿಯಲ್ಲಿ ಅದುಮಿಕೊಂಡು ಒದ್ದಾಡುತ್ತಿದ್ದಳು. ನೋಡಲಾರದೆ ಬಂದರಿನಿಂದ ಹಳೇ ದೋಣಿ ಹಗ್ಗ ತಂದು, ಸಿಂಬಿಯಂತೆ ಸುತ್ತಿ ಹೊಲಿದುಕೊಟ್ಟೆ. ಬಟ್ಟಲು ಅದರಲ್ಲಿ ಕೂತರೆ ಅಲುಗಾಡುವುದಿಲ್ಲ. ಆ ಬೆಣ್ಣೆಯಲ್ಲಿ ನನ್ನ ಪಾಲು ಅದೊಂದೇ. ಅದು ನಾನು ಮಾಡಿದ ಒಳ್ಳೆಯ ಕೆಲಸವೆಂದೇ ಇವತ್ತಿನವರೆಗೂ ಎಣಿಸಿದ್ದೇನೆ.

ನಿಮ್ಮ ಮಾತಿನಂತೆ ಮತ್ತೆ ಮಾಡಿದೆ. ಮರಳು ಇನ್ನೂ ಇದೆ. ಇವಾಬುಚಿಯಮ್ಮ ಮಾತ್ರ ಒಂದು ಮೆಟ್ಟಿಲು ಇಳಿದಿದ್ದಾರೆ. "ಹಸಿವಾಗಿದ್ರೆ ತಿನ್ಬಹುದು" ಅಂದರು. ಆದದ್ದು ತಾನೇ ಗೊತ್ತಾಗುತ್ತದೆ ಎಂದಿರಿ. ನನಗೆ ಗೊತ್ತಾಗುತ್ತಿಲ್ಲ. ಯಂತ್ರವಾದರೆ ಕಿವಿಯಿಟ್ಟು ಹೇಳುತ್ತೇನೆ. ಇದರ ಸದ್ದು ಮೊದಲಿಂದ ಕೊನೆಯವರೆಗೆ ನನಗೆ ಒಂದೇ.

ಅರೆಯುತ್ತಿದ್ದಾಗ ಒಂದು ಸಂಗತಿ ನೆನಪಿಗೆ ಬಂತು, ಬಂದದ್ದು ತಲೆಯಿಂದ ಹೋಗುತ್ತಿಲ್ಲ. ವರ್ಷದ ಕೊನೆಯ ದಿನ ಸಂಜೆ ಮಿತ್ಸು ಅರೆಯುತ್ತಿದ್ದರೆ ನಾನು ಈಚೆ ಕೋಣೆಯಲ್ಲಿ ಟಿವಿಯ ಹಾಡು ಕೇಳುತ್ತ ಬಿದ್ದಿರುತ್ತಿದ್ದೆ. ನಡುವೆ ಕೋಲಿನ ಸದ್ದು ನಿಲ್ಲುತ್ತಿತ್ತು. "ಆಯ್ತಾ?" ಅನ್ನುತ್ತಿದ್ದಳು. ನನ್ನನ್ನೇ ಕೇಳಿದಳೆಂದು ನಾನು, "ಹ್ಞೂ ಹ್ಞೂ, ಆಯ್ತು, ತಾ ಇತ್ಲಾಗೆ" ಎನ್ನುತ್ತಿದ್ದೆ. ಅವಳು, "ನಿಮ್ಮನ್ನ ಯಾರು ಕೇಳಿದ್ರು?" ಎಂದು ಗದರಿ ಮತ್ತೆ ಅರೆಯತೊಡಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು ನಿಲ್ಲುತ್ತಿತ್ತು. ಮತ್ತೆ "ಆಯ್ತಾ?" ಮತ್ತೆ ಅರೆತ. ಪ್ರತಿ ವರ್ಷವೂ ಇದೇ. ನಮ್ಮ ಮನೆಯ ತಮಾಷೆ ಎಂದುಕೊಂಡಿದ್ದೆ.

ಈಗ ಕೂತು ಯೋಚಿಸಿದರೆ, ನಾನಲ್ಲದಿದ್ದರೆ ಯಾರನ್ನು ಕೇಳುತ್ತಿದ್ದಳು? ಮನೆಯಲ್ಲಿ ಇದ್ದವರು ನಾವಿಬ್ಬರೇ. ನಿಮಗೇನಾದರೂ ಹೊಳೆಯುತ್ತದೆಯೇ?

ತೊಕುಜಿ


ಮಿಯಾಕೊ
17 ಡಿಸೆಂಬರ್

ಯೊನೆ ಅಕ್ಕ,

ಉತ್ತರವಿಲ್ಲ. ಹಿಮ ಬಿದ್ದು ಅಂಚೆ ತಡವಾಗಿರಬಹುದು ಎಂದುಕೊಂಡು ವಿಚಾರಿಸಿದೆ. ತಡವಾಗಿಲ್ಲವಂತೆ. ನನ್ನ ಬರಹದಲ್ಲಿ ಏನಾದರೂ ನಿಮ್ಮ ಮನಸ್ಸಿಗೆ ಚುಚ್ಚಿದ್ದರೆ ಬೈದು ಬರೆಯಿರಿ, ಓದುತ್ತೇನೆ. ಹುಷಾರಾಗಿದ್ದೀರಾ? ಅಷ್ಟು ತಿಳಿಸಿದರೂ ಸಾಕು, ಬೆಣ್ಣೆ ಹಾಳಾಗಿ ಹೋಗಲಿ.

ತೊಕುಜಿ


ತೋನೊ
21 ಡಿಸೆಂಬರ್

ತೊಕುಜಿ ಅವರಿಗೆ,

ಹುಷಾರಾಗಿದ್ದೇನೆ. ನಿಮ್ಮ ಕಾಗದವನ್ನು ಹಿರಿಯರ ಗೂಡಿನಲ್ಲಿ ಅಮ್ಮನ ಫೋಟೊದ ಹಿಂದೆ ಇಟ್ಟಿದ್ದೆ. ದಿನಾ ತೆಗೆದು ಓದುವುದು, ಮತ್ತೆ ಇಡುವುದು. ಸೊಸೆ ಏನೂ ಕೇಳಲಿಲ್ಲ. ಒಳ್ಳೆಯ ಹುಡುಗಿ.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ನನಗೆ ಆ ಬೆಣ್ಣೆ ಅರೆಯಲು ಬರುವುದಿಲ್ಲ. ಜನ್ಮದಲ್ಲಿ ಒಂದು ಸಲವೂ ಅರೆದಿಲ್ಲ. ಈ ಮನೆಯಲ್ಲಿ ಹೊಸವರ್ಷಕ್ಕೆ ಅಂಗಡಿಯ ಪೊಟ್ಟಣ ತರುತ್ತೇವೆ. ನಿಮಗೆ ಬರೆದದ್ದು ಅಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದುದು, ಕಿವಿಗೆ ಬಿದ್ದದ್ದು. ಬಲ್ಲವರು ನೀವೊಬ್ಬರೇ ಎಂದಿರಲ್ಲ, ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯಾಯಿತು.

ನಮ್ಮ ಮನೆಯಲ್ಲಿ ಅರೆಯುತ್ತಿದ್ದವಳು ಮಿತ್ಸು. ಚಿಕ್ಕವಳಾದರೂ ಅವಳ ಕೈಗೆ ಬಲವಿತ್ತು. ನಾನು ಅವಳೆದುರು ಕಾಲು ಮಡಿಚಿ ಕೂತು ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಿದ್ದೆ. ಬಟ್ಟಲು ಹಿಡಿಯುವುದು ಕೈಲಾಗದವರ ಕೆಲಸವೆಂದು ನೀವು ತಿಳಿದಿರಬಹುದು. ಮೊದಮೊದಲು ಬಟ್ಟಲು ಅಂಗೈಯಲ್ಲಿ ಗರಗರ ಅನ್ನುತ್ತದೆ. ತಿರುಳು ಮುದ್ದೆಯಾದಾಗ ಜಗ್ಗುತ್ತದೆ, ಮಗು ಕೈ ಹಿಡಿದು ಎಳೆದ ಹಾಗೆ. ಅರೆಯುವವಳಿಗೆ ಆಗ ಕೈ ಸೋತು, ಆಯಿತು ಅನ್ನಿಸುತ್ತದೆ. ಆಗಿರುವುದಿಲ್ಲ. ಇನ್ನೂ ಅರೆಯಬೇಕು. ಒಂದು ಗಳಿಗೆಯಲ್ಲಿ ಜಗ್ಗುವುದು ನಿಂತು ಬಟ್ಟಲು ತಟ್ಟನೆ ಶಾಂತವಾಗುತ್ತದೆ. ಒಳಗೆ ಎಣ್ಣೆ ಬಿಟ್ಟಿತು ಎಂದು ಅರ್ಥ. ಅದು ಅರೆಯುವವರ ಕೈಗೆ ತಿಳಿಯುವುದಿಲ್ಲ. ಹಿಡಿದವರ ಅಂಗೈಗೆ ತಿಳಿಯುತ್ತದೆ.

ಅದಕ್ಕೇ ಅವಳು ನಡುನಡುವೆ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದಳು.

"ಆಯ್ತಾ?"

"ಇನ್ನೂ ಇಲ್ಲ."

"ಕೈ ನೋಯ್ತಿದೆ ಅಕ್ಕಾ."

"ನೋಯ್ಲಿ, ಅರಿ."

ಆಯ್ತು ಅನ್ನುವುದು ನಾನು. ನಾನು ಹೇಳುವವರೆಗೆ ಅಮ್ಮನೂ ಸಕ್ಕರೆ ಹಾಕುತ್ತಿರಲಿಲ್ಲ.

ನಿಮ್ಮದು ಮರಳಾಗುವುದು ಯಾಕೆಂದರೆ ನೀವು ಜಗ್ಗುವಾಗಲೇ ನಿಲ್ಲಿಸುತ್ತೀರಿ. ಹಗ್ಗಕ್ಕೆ ಅಂಗೈ ಇಲ್ಲ. ನನ್ನ ಜಾಗದಲ್ಲಿ ನಲವತ್ತು ವರ್ಷ ಒಂದು ಸಿಂಬಿ ಹಗ್ಗ ಕೂತಿತ್ತು ಎಂದು ತಿಳಿದು ಮೊದಲು ಸಿಟ್ಟು ಬಂತು. ಆಮೇಲೆ ಬೇರೇನೋ ಬಂತು.

ಈಗ ನಾನು ಕೇಳುತ್ತೇನೆ, ನೆನಪು ಮಾಡಿಕೊಂಡು ನಿಜ ಹೇಳಿ. ನನಗೆ ಹಿತವಾಗಲಿ ಎಂದು ಬರೆಯಬೇಡಿ. ಮರ ಕಡಿಸಿದ ಆ ವರ್ಷ? ಅದಾದ ಮೇಲಿನ ಎಂಟು ವರ್ಷ? ಆಗಲೂ ಕೇಳುತ್ತಿದ್ದಳೇ?

ಯೊನೆ


ಮಿಯಾಕೊ
24 ಡಿಸೆಂಬರ್

ಯೊನೆ ಅಕ್ಕ,

ಕೇಳುತ್ತಿದ್ದಳು.

ಮರ ಕಡಿಸಿದ ವರ್ಷದ್ದು ಚೆನ್ನಾಗಿ ನೆನಪಿದೆ. ಏಕೆಂದರೆ ಅವತ್ತು ನಮಗೆ ಜಗಳವಾಯಿತು. ಅವಳು ಅರೆಯುತ್ತಲೇ ಇದ್ದಳು, ನಿಲ್ಲಿಸಿ ಕೇಳುತ್ತಲೇ ಇದ್ದಳು, ಕೇಳಿದ ಮೇಲೆ ಉತ್ತರಕ್ಕೆ ಕಾಯುವವಳ ಹಾಗೆ ಎಂದಿಗಿಂತ ಹೆಚ್ಚು ಹೊತ್ತು ಕೋಲು ಹಿಡಿದು ಕೂತಿರುತ್ತಿದ್ದಳು. ನಾನು ಹಸಿದು, "ಕಡುಬು ಕಲ್ಲಾಯ್ತು, ಇನ್ನೆಷ್ಟು ಹೊತ್ತು ಆ ಬಟ್ಟಲ ಜತೆ ಮಾತಾಡ್ತೀಯ?" ಅಂತ ರೇಗಿದೆ. ಅವಳು ಮತ್ತೆ ಅರೆಯತೊಡಗಿದಳು. ಆ ವರ್ಷದ ಬೆಣ್ಣೆ ಎಂದಿಗಿಂತ ನುಣ್ಣಗಿತ್ತು. ನಾನು ತಿಂದು, ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ ಅಂದೆ. "ಸಾಕು ಅಂತ ಹೇಳೋರು ಇರ್ಲಿಲ್ಲ, ಅದಕ್ಕೆ" ಅಂದಳು. ನನಗೆ ಅರ್ಥವಾಗಲಿಲ್ಲ, ಇನ್ನೊಂದು ಕಡುಬು ಹಾಕಿಸಿಕೊಂಡೆ.

ಅದಾದ ಮೇಲೆ ಪ್ರತಿ ವರ್ಷ. ಕೊನೆಯ ವರ್ಷ ಅವಳಿಗೆ ಶಕ್ತಿಯಿರಲಿಲ್ಲ. ಅರೆದದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು. ಆಗಲೂ ಕೇಳಿದಳು.

ನಿಮಗೆ ಹಿತವಾಗಲಿ ಎಂದು ಬರೆದದ್ದಲ್ಲ. ಇದನ್ನು ಬರೆಯುವಾಗ ನನಗೇ ಹಿತವಾಗಿಲ್ಲ. ಅಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಇದ್ದು, ಯಾರನ್ನು ಕೇಳುತ್ತಿದ್ದಾಳೆ ಎಂದು ಒಂದು ಸಲ ಎದ್ದು ಹೋಗಿ ನೋಡಲಿಲ್ಲವಲ್ಲ.

ಹೂತು ತೆಗೆದು ತೂಗುಹಾಕಿದ್ದ ಕಾಯಿ ಈಗ ಚೆನ್ನಾಗಿ ಒಣಗಿದೆ. ಅರೆಯಲು ನನ್ನ ಕೈಯಲ್ಲಿ ಇನ್ನೂ ಬಲವಿದೆ. ಅಷ್ಟನ್ನು ಮಾತ್ರ ತಿಳಿಸುತ್ತೇನೆ, ಉಳಿದದ್ದು ನಿಮ್ಮಿಷ್ಟ.

ತೊಕುಜಿ


ತೋನೊ
27 ಡಿಸೆಂಬರ್ (ಅಂಚೆ ಕಾರ್ಡು)

ತೊಕುಜಿ,

ಮೂವತ್ತೊಂದರ ಬೆಳಗಿನ ರೈಲು ಹತ್ತಿ, ಕಮಾಯಿಶಿಯಲ್ಲಿ ಗಾಡಿ ಬದಲಿಸಿಕೊಂಡು ಬರುತ್ತೇನೆ. ಸೊಸೆ ಜತೆಗೆ ಬರುತ್ತೇನೆ ಅಂದಳು, ಬೇಡ ಅಂದೆ. ಸ್ಟೇಷನ್ನಿಗೆ ಬಾ, ಹಿಮದಲ್ಲಿ ನನಗೆ ಕಾಲು ಜಾರುತ್ತದೆ. ಕಾಯಿ ನೆನೆಹಾಕಿರು, ನಾನು ಬರುವ ತನಕ ಒಡೆಯಬೇಡ. ಟಿವಿ ಹಾಕಬೇಡ. ಕೈ ನೋಯುತ್ತದೆ ಅಂತ ನನ್ನ ಹತ್ತಿರ ಹೇಳಬೇಡ.

ಬಟ್ಟಲ ಕೆಳಗಿನ ಆ ಹಗ್ಗ ತೆಗೆದಿಡು.

ಅಕ್ಕ